ಹಬೆ

ನೂರಾ ಎಂಬತ್ತು ಇಡ್ಲಿ, ಎರಡು ಕ್ಯಾನು ಸಾಂಬಾರು,
ಚಟ್ನಿ ಪಾತ್ರೆಯ ಬಾಯಿಗೆ ಬಿಗಿದ ಒದ್ದೆ ಬಟ್ಟೆ.
ಬೆಳಗಿನ ಐದೂಕಾಲಿಗೆ ಗುತ್ತಲು ರಸ್ತೆ ಬಿಟ್ಟೆವು
ನಾನೂ ಚಿಕ್ಕತಾಯಮ್ಮನೂ,
ಗಂಜಾಮಿನಲ್ಲಿ ಯಾರದೋ ಮಗುವಿಗೆ ಹೆಸರಿಡುವ ಮನೆಗೆ.

ಕಾರು ಹೊಸದು. ಕರೆಂಟಿನದು. ಸದ್ದಿಲ್ಲ, ಹೊಗೆಯಿಲ್ಲ.
ಹೊಗೆಯಿಲ್ಲ, ನಿಜ.
ಹಬೆಯ ಮಾತು ಯಾರೂ ಎತ್ತಿರಲಿಲ್ಲ.

ಇಂಡುವಾಳು ದಾಟುವಷ್ಟರಲ್ಲಿ
ಇಡ್ಲಿಗಳೆಲ್ಲ ಒಟ್ಟಿಗೇ ಉಸಿರು ಬಿಟ್ಟವು.
ಮುಂದಿನ ಗಾಜು ಮೊಸರಾಯಿತು.
ಹೊರಗೆ ನಾಲೆಯಿಂದ ಎದ್ದ ಮಂಜು,
ಒಳಗೆ ನಾನೇ ರುಬ್ಬಿದ ಮಂಜು,
ನಡುವೆ ಗಾಜು, ಯಾರ ಕಡೆಗೋ ತಿಳಿಯದೆ.

ಹಳೆಯ ವ್ಯಾನಾಗಿದ್ದರೆ ಕೈ ತಾನೇ ಹೋಗುತ್ತಿತ್ತು
ಎಡಕ್ಕೆ, ಮೊಣಕಾಲಿನಿಂದ ಒಂದು ಗೇಣು ಮೇಲೆ.
ಅಲ್ಲೊಂದು ತಿರುಗುಣಿ.
ಅದು ಮುರಿದ ವರ್ಷ ನಮ್ಮೆಜಮಾನ್ರು
ಬುಗುರಿಯ ತಲೆ ಕೊಯ್ದು ಸಿಕ್ಕಿಸಿದ್ದರು.
ನೀಲಿ ಬುಗುರಿ. ನೀಲಿ ಸವೆದು ಮರ ಉಳಿದು
ಮರ ನನ್ನ ಬೆರಳಿನ ಎಣ್ಣೆ ಕುಡಿದೂ ಕುಡಿದೂ
ನನ್ನದೇ ಒಂದು ಗೆಣ್ಣಾಗಿತ್ತು.
ಕಣ್ಣು ರಸ್ತೆ ಮೇಲೆ, ಕೈ ಬುಗುರಿ ಮೇಲೆ,
ಬಾಯಿ ಚಿಕ್ಕತಾಯಮ್ಮನ ಮೇಲೆ.
ಉಪ್ಪಿನ ಭರಣಿಯನ್ನು ಕಣ್ಣಲ್ಲಿ ಹುಡುಕುವವಳು
ಅಡುಗೆಯವಳೇ ಅಲ್ಲ.

ಈಗ ಅಲ್ಲೊಂದು ಕಪ್ಪು ಹಲಗೆ,
ಹೋಳಿಗೆ ಮಣೆಯಷ್ಟಗಲ, ಅದಕ್ಕಿಂತ ನುಣುಪು.
ಒತ್ತಿದೆ. ಎಣ್ಣೆ ಬೆರಳು, ಕೇಳಲಿಲ್ಲ.
ಸೀರೆಗೆ ಒರೆಸಿ ಒತ್ತಿದೆ.
ಗಾಳಿ ಬಂತು, ಗಾಜಿಗಲ್ಲ, ಸೀಟಿನ ತೂತುಗಳಿಂದ ನನ್ನ ಕುಂಡಿಗೆ.
ಮತ್ತೆ ಒತ್ತಿದೆ. ರೇಡಿಯೋದಲ್ಲಿ ಹಲ್ಲುಪುಡಿಯ ಜಾಹೀರಾತು.
ಮತ್ತೆ. ಸಣ್ಣ ಚಕ್ರವೊಂದು ಸುತ್ತಿ ಸುತ್ತಿ ನಿಂತು
‘ಹೊಸ ಆವೃತ್ತಿ ಸಿದ್ಧವಾಗಿದೆ. ಈಗಲೋ, ಆಮೇಲೋ?’

“ಅಕ್ಕೋ, ಬಾಯಲ್ಲಿ ಹೇಳುದ್ರೆ ಕೇಳ್ತದಂತೆ ಕನಕ್ಕೋ.”
“ಗಾಜು ಒರಸವ್ವ” ಅಂದೆ.
ಯಾವ ಊರಿನದೂ ಅಲ್ಲದ ಕನ್ನಡದಲ್ಲಿ ಅದು
‘ಗಾಜನೂರಿಗೆ ದಾರಿ ತೋರಿಸಲೇ?’

ಆಗ ಚಿಕ್ಕತಾಯಮ್ಮ ಮುಂದಕ್ಕೆ ಬಾಗಿ
ಸೆರಗಿನಲ್ಲಿ ಉಜ್ಜಿದಳು ಅಂಗೈಯಗಲ.
ಆ ಅಂಗೈಯಗಲದೊಳಗೆ, ಇಷ್ಟು ಹತ್ತಿರ,
ಕಬ್ಬಿನ ಸೋಗೆ, ಕಬ್ಬಿನ ಸೋಗೆ,
ದೀಪವಿಲ್ಲದ ಟ್ರ್ಯಾಕ್ಟರಿನ ಬೆನ್ನು.

ಬ್ರೇಕು ಇನ್ನೂ ಕಾಲಡಿಯಲ್ಲೇ ಇದೆ.
ಅದನ್ನೂ ಹಲಗೆಗೆ ಏರಿಸಿಲ್ಲ, ಸದ್ಯ.

ರಸ್ತೆ ಬದಿಗೆ ನಿಲ್ಲಿಸಿ ನಾಲ್ಕೂ ಬಾಗಿಲು ತೆರೆದೆವು.
ನನ್ನ ಕೈ ನಡುಗುತ್ತಿತ್ತು.
ಹಬೆ ಹೋಗಿ ಮಂಜಿನ ಜೊತೆ ಸೇರಿಕೊಂಡಿತು,
ತವರಿಗೆ ಹೋದ ಹಾಗೆ.
ಹಾಲಿನ ಕ್ಯಾನಿನ ಸೈಕಲ್ಲೊಂದು ನಿಂತು,
“ಪ್ಲೇಟ್ ಎಷ್ಟವ್ವಾ?”
ಟ್ರ್ಯಾಕ್ಟರಿನವನೂ ಇಳಿದು ಬಂದ, ಬೈಯಲಿಕ್ಕೆಂದು.
ಬೈಯುತ್ತ ನಾಲ್ಕು ತಿಂದ.
ಗಂಜಾಮಿಗೆ ತಲುಪಿದ್ದು ನೂರಾ ಎಪ್ಪತ್ತೆರಡು.
ಯಾರೂ ಎಣಿಸಲಿಲ್ಲ.

ಶೋರೂಮಿನ ಹುಡುಗ ಮಧುಕೇಶ, ಒಳ್ಳೆಯವನು,
“ಸುಲಭ ಮೇಡಂ. ಮೊದಲು ಮನೆ ಚಿತ್ರ,
ಅದರೊಳಗೆ ಫ್ಯಾನು, ಅದರೊಳಗೆ ಗಾಜು.
ಮುಂದಿನ ಅಪ್‌ಡೇಟಿಗೆ ಜಾಗ ಬದಲಾಗಬಹುದು.”
ತಿಂಗಳಿಗೊಮ್ಮೆ ನನ್ನ ಅಡುಗೆಮನೆಗೆ ಬಂದು
ಉಪ್ಪು, ಸೋಡಾ, ರಂಗೋಲಿ ಪುಡಿ ಅದಲು ಬದಲು ಮಾಡಿ ಹೋಗು,
ಆಮೇಲೆ ಸಾರು ಕುಡಿ ಅಂದೆ.
ನಕ್ಕ.
ಕಣ್ಣು ಮುಚ್ಚಿಕೊಂಡು ಗಾಜಿನ ಗಾಳಿ ಹಾಕು ಅಂದೆ.
ಮುಚ್ಚಿದ.
ಅವನ ಬೆರಳು ಆ ನುಣುಪಿನ ಮೇಲೆ ಅಲೆಯಿತು
ಮನೆ ನಂಬರು ಮರೆತ ನೆಂಟನ ಹಾಗೆ.
ಹಲ್ಲುಪುಡಿ ಹಾಡಿತು.
ಆಮೇಲೆ ನಗಲಿಲ್ಲ, ಪಾಪ.

ಈಗ ಚಿಕ್ಕತಾಯಮ್ಮನ ಮಡಿಲಲ್ಲಿ
ಹಳೆಯ ಇಡ್ಲಿ ಬಟ್ಟೆಯೊಂದು ಮಡಿಸಿ ಇರುತ್ತದೆ.
“ಗಾಜು ಒರಸವ್ವ” ಅಂದರೆ ಒರೆಸುತ್ತಾಳೆ,
ಗಾಜನೂರಿನ ಮಾತೆತ್ತುವುದಿಲ್ಲ.
ಆದರೆ ಅವಳದೂ ಹೊಸ ಆವೃತ್ತಿ ಬಂದಿದೆ:
ತಿಂಗಳಿಗೆ ಐನೂರು ಜಾಸ್ತಿ.
ಈಗಲೋ ಆಮೇಲೋ ಅಂತ
ಕೇಳುವುದೂ ಇಲ್ಲ.